ಸಾಕುವಿನ ಇನ್ನೊಂದು ಹೆಸರು

ಹೂಂರಾಯರು ಪುಟದ ಕೊನೆಯ ಹೆಸರಿನ ಮೇಲೆ ಬೆರಳಿಟ್ಟು, ಅದನ್ನು ದನಿಯಿಲ್ಲದೆ ತುಟಿಯಲ್ಲಿ ಮಾತ್ರ ಆಡಿ ನೋಡಿ, ಅಲ್ಲವೆಂದು ತಲೆಯಾಡಿಸಿ, ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟರು. ಪಕ್ಕದಲ್ಲೇ ಹೆಂಡತಿಯ ಪೆಟ್ಟಿಗೆ ಇತ್ತು. ಮುಂದಿನ ಕೋಣೆಯ ಮೇಜನ್ನು ಗೋಡೆಗೆ ಸರಿಸಿ, ಎರಡು ಬೆಂಚು ಜೋಡಿಸಿ ಅದರ ಮೇಲೆ ಇಳಿಸಿದ್ದರು. ಬಂದವರು ಪೆಟ್ಟಿಗೆಯ ಮುಂದೆ ತಲೆ ತಗ್ಗಿಸಿ ನಿಂತು, ಆಮೇಲೆ ಈ ಮನುಷ್ಯನ ಕಡೆ ತಿರುಗಿ, ಹೆಣದ ಮಗ್ಗುಲಲ್ಲಿ ಕೂತು ಇದೆಂಥ ಲೆಕ್ಕ ಬರೆಯುತ್ತಿದ್ದಾರಪ್ಪಾ ಎಂದು ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಅದು ಲೆಕ್ಕವಲ್ಲ. ನೀಲಿ ರಟ್ಟಿನ ಆ ನೋಟುಪುಸ್ತಕದಲ್ಲಿ ಇದ್ದದ್ದು ಹೆಣ್ಣುಮಕ್ಕಳ ಹೆಸರುಗಳು. ಸಾವಿರದ ಮೇಲಿದ್ದವು. ದೇಶ ದೇಶದ, ಭಾಷೆ ಭಾಷೆಯ ಹೆಸರು, ಎದುರಿಗೆ ಅದರ ಅರ್ಥ. ಅವುಗಳಲ್ಲೊಂದು ಸತ್ತವಳದು. ಮಧ್ಯಾಹ್ನ ಮೂರಕ್ಕೆ ಹೂಳುವುದು. ಹೂಳುವ ದಿನವೇ ತಲೆಗಲ್ಲು ನಿಲ್ಲಿಸಬೇಕೆಂಬುದು ಆ ಸ್ಮಶಾನದ ಕಚೇರಿಯ ಕಟ್ಟಳೆ. ಹಾಗಾಗಿ ಕಲ್ಲು ಕೆತ್ತುವವನಿಗೆ ಹನ್ನೆರಡರೊಳಗೆ ಹೆಸರು ಮುಟ್ಟಿಸಬೇಕು. ಯಾವ ಹೆಸರೆಂದು ಅವಳು ಗಂಡನಿಗೆ ಹೇಳಿಯೇ ಸತ್ತಿದ್ದಳು. ಗಂಡನಿಗೆ ಅದು ಕೇಳಿಸಿರಲಿಲ್ಲ.

ಕೇಳಿಸಿರಲಿಲ್ಲ ಎಂಬುದು ಅವರೊಬ್ಬರನ್ನು ಬಿಟ್ಟು ಇನ್ನಾರಿಗೂ ಗೊತ್ತಿರಲಿಲ್ಲ.

ಹೆಂಡತಿಯ ದೊಡ್ಡಕ್ಕ ಅಡುಗೆಮನೆಯಿಂದ ಬಂದು ಅವರ ಬಲಕ್ಕೆ ನಿಂತು ಏನೋ ಕೇಳಿದಳು. ಬಲಗಿವಿ ಹೋಗಿ ಇಪ್ಪತ್ತು ವರ್ಷವಾಗಿತ್ತು. ಮುದುಕಿ ಬೈದುಕೊಳ್ಳುತ್ತ ಎದುರಿಗೆ ಬಂದಳು.

"ಕಲ್ಲಿನವನು ಫೋನ್ ಮಾಡಿದ್ದ ಕಣಪ್ಪಾ. ಹೆಸರು ಕೇಳ್ತಿದಾನೆ. ಸಾಕು ಅಂತಲೇ ಹೇಳಿಬಿಡ್ಲಾ?"

"ಬೇಡಿ. ಅವಳು ಬೇರೆ ಹೆಸರು ಹೇಳಿದಾಳೆ."

"ಬೇರೆ ಹೆಸರಾ! ಯಾವುದು?"

"ನಾನೇ ಹೋಗಿ ಹೇಳ್ತೀನಿ."

"ಅರವತ್ತೆಂಟು ವರ್ಷ ಹೊತ್ತ ಹೆಸರು. ಹೋಗೋ ಹೊತ್ತಿಗೆ ಇಳಿಸಿ ಏನಾಗ್ಬೇಕು? ಅವಳಿಗಂತೂ ಹುಚ್ಚು, ನಿನಗೂ ಹತ್ತಿಸಿಬಿಟ್ಟಳು." ದೊಡ್ಡಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ಯಾವ ಹೆಸರು ಅಂತ ನನಗಾದ್ರೂ ಹೇಳಪ್ಪ. ಒಡಹುಟ್ಟಿದವಳು ನಾನು."

"ಹೂಂ," ಎಂದರು ಅವರು. ಮತ್ತೆ ಪುಸ್ತಕಕ್ಕೆ ಬಗ್ಗಿದರು.

ಹೂಂರಾಯರು ಎಂಬುದು ಗಿರಣಿಯವರು ಇಟ್ಟ ಅಡ್ಡಹೆಸರು. ಮಗ್ಗಗಳ ನಡುವೆ ಮೂವತ್ತನಾಲ್ಕು ವರ್ಷ ದುಡಿದವರು. ಅಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ, ಎಲ್ಲರೂ ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ಇಪ್ಪತ್ತು ಮಾರು ದೂರದಿಂದ ಮೇಸ್ತ್ರಿ ಬೈದದ್ದು ಕೂಡ ಅಕ್ಷರ ಬಿಡದೆ ತಿಳಿಯುತ್ತಿತ್ತು. ಆದರೆ ತುಟಿ ತೋರಿಸುವುದು ಗೊತ್ತಿರುವ ಮಾತನ್ನು ಮಾತ್ರ. ಗೊತ್ತಿಲ್ಲದ ಮಾತು ಬಂದರೆ ಮಗ್ಗದವರಿಗೆ ಉಳಿಯುವ ದಾರಿ ಒಂದೇ, ತಲೆಯಾಡಿಸಿ ಹೂಂ ಅನ್ನುವುದು. ಇವರಿಗೆ ಅದು ಚಾಳಿಯಾಗಿ ಅಂಟಿಕೊಂಡಿತು. ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಿ ಎಂದು ಎದುರಿನವರ ಬಾಯಿ ನೋಯಿಸುವುದಕ್ಕಿಂತ ಹೂಂ ಅಂದುಬಿಡುವುದೇ ಮರ್ಯಾದೆ ಎಂದು ಅವರು ನಂಬಿದ್ದರು. ಆ ಮರ್ಯಾದೆಯ ದೆಸೆಯಿಂದ ಒಮ್ಮೆ ಬೇಡದ ಸೋಫಾ ಮನೆಗೆ ಬಂದಿತ್ತು, ಇನ್ನೊಮ್ಮೆ ಗುರುತಿಲ್ಲದವರ ಮದುವೆಯಲ್ಲಿ ಮೂರು ದಿನ ಕೆಲಸ ಮಾಡಿ ಬಂದಿದ್ದರು.

* * *

ನಾಲ್ಕನೆಯದೂ ಹೆಣ್ಣೆಂದು ಸೂಲಗಿತ್ತಿ ಬಂದು ಹೇಳಿದಾಗ ಅಪ್ಪ ಒಳಗೆ ಹೋಗಿ ಮುಖವನ್ನೂ ನೋಡದೆ "ಸಾಕು" ಎಂದ. ಅದೇ ಹೆಸರಾಗಿ ನಿಂತಿತು. ಎರಡು ವರ್ಷಕ್ಕೆ ಗಂಡು ಹುಟ್ಟಿತು. ಎಲ್ಲ ಹೆಸರಿನ ಗುಣ ಎಂದರು. ಮುಂದೆ ಅವಳು ಹೆಸರು ಬದಲಾಯಿಸಿಕೊಳ್ಳುತ್ತೇನೆಂದು ಅರ್ಜಿ ಬರೆದು ತಂದಾಗ ಅಪ್ಪ ಸಹಿ ಹಾಕಲಿಲ್ಲ. ಗಂಡು ತಂದ ಹೆಸರು, ಅದನ್ನು ಕಿತ್ತರೆ ಆ ಹುಡುಗನಿಗೆ ಏನಾದರೂ ಆದರೆ ಯಾರು ಹೊಣೆ ಎಂದು ಕೇಳಿದ. ತಮ್ಮನ ಮೇಲೆ ಅವಳಿಗೆ ಜೀವ. ಅರ್ಜಿಯನ್ನು ಮಡಚಿಟ್ಟಳು.

ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕರೆಯುತ್ತ "ಸಾಕು" ಎಂದರೆ ಇಡೀ ತರಗತಿ ಪುಸ್ತಕ ಮುಚ್ಚುತ್ತಿತ್ತು. ಪಂಕ್ತಿಯಲ್ಲಿ ಯಾರಾದರೂ ಅವಳನ್ನು ಕೂಗಿದರೆ ಬಡಿಸುವವರ ಸೌಟು ಗಾಳಿಯಲ್ಲೇ ನಿಲ್ಲುತ್ತಿತ್ತು. "ನನ್ನಿಂದಾಗಿ ಎಷ್ಟು ಜನ ಅರೆಹೊಟ್ಟೆಯಲ್ಲಿ ಎದ್ದಿದಾರೋ" ಎಂದು ಅವಳೇ ಹೇಳಿ ನಗಿಸುತ್ತಿದ್ದಳು. ಮದುವೆಯಾದ ಮೇಲೆ ಹೂಂರಾಯರು ಆ ಹೆಸರು ಹಿಡಿದು ಕರೆಯಲಿಲ್ಲ, "ಇವಳೇ" ಎನ್ನುತ್ತಿದ್ದರು. "ನೋಡಿ, ಈ ಲೋಕದಲ್ಲಿ ನಿಮಗೊಬ್ಬರಿಗೇ ನಾನು ಸಾಕಾಗಿಲ್ಲ" ಎನ್ನುತ್ತಿದ್ದಳು ಅವಳು.

ಕೆಲಸ ಸಿಕ್ಕಿದ್ದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ, ಜನನದ ಅರ್ಜಿ ತುಂಬುವ ಗುಮಾಸ್ತೆಯಾಗಿ. ಗಂಡುಮಕ್ಕಳ ಹೆಸರು ಹುಟ್ಟುವ ಮೊದಲೇ ತಯಾರಿರುತ್ತಿತ್ತು. ಹೆಣ್ಣಾದರೆ ಎಷ್ಟೋ ಅಪ್ಪಂದಿರು ಕಿಟಕಿಯಾಚೆ ತಲೆ ಕೆರೆದುಕೊಂಡು ನಿಲ್ಲುತ್ತಿದ್ದರು.

"ಏನೋ ಒಂದು ಬರ್ಕೊಳ್ಳಿ ಮೇಡಂ."

"ಏನೋ ಒಂದು ಅನ್ನೋದು ಯಾವ ಭಾಷೆ ಹೆಸರಪ್ಪಾ? ಅರ್ಥ ಏನು?"

"ಹಂಗಲ್ಲ, ಸದ್ಯಕ್ಕೆ ಖಾಲಿ ಬಿಡಿ."

"ಖಾಲಿ ಅರ್ಜಿಗೆ ನನ್ನ ಮೊಹರು ಬೀಳಲ್ಲ. ಕೂತ್ಕೊಳ್ಳಿ."

ಕೂರಿಸಿ ನೀಲಿ ಪುಸ್ತಕ ತೆಗೆಯುತ್ತಿದ್ದಳು. ಬಹಾರ್, ಪಾರಸಿಯಲ್ಲಿ ವಸಂತ. ಲೂಮಿ, ಫಿನ್ನಿಷ್‌ನಲ್ಲಿ ಹಿಮ. ಮಿರೆಂಬೆ, ಲುಗಾಂಡಾದಲ್ಲಿ ಶಾಂತಿ. ಮಿಲೆನಾ, ಸ್ಲಾವ್ ಜನರಲ್ಲಿ ಪ್ರೀತಿಯವಳು. ಎಲ್ಲೆಲ್ಲಿಂದಲೋ ಹೆಕ್ಕಿದ್ದಳು: ಹಳೆಯ ಪತ್ರಿಕೆಗಳಿಂದ, ಹಡಗಿನವರ ಹೆಂಡಿರಿಂದ, ತರಬೇತಿಗೆ ಬಂದ ವೈದ್ಯರಿಂದ, ಗಂಡ ಗಿರಣಿಯಿಂದ ತರುತ್ತಿದ್ದ ನೂಲಿನ ಪೆಟ್ಟಿಗೆಗಳ ಒಳಗಿನ ರದ್ದಿಯಿಂದ. ಒಬ್ಬಳಿಗೆ ಕೊಟ್ಟ ಹೆಸರನ್ನು ಕೆಂಪು ಶಾಯಿಯಲ್ಲಿ ಗೀಟೆಳೆದು ಹೊಡೆಯುತ್ತಿದ್ದಳು, ಇನ್ನೊಬ್ಬಳಿಗೆ ಕೊಡುತ್ತಿರಲಿಲ್ಲ. ಹೊಸ ಬಟ್ಟೆ ಎಂದಮೇಲೆ ಅದು ಒಬ್ಬರಿಗೇ ಎಂಬುದು ಅವಳ ವಾದ. ಮೂರು ಜನ ಅಕ್ಕಂದಿರ ಹಳೆಯದನ್ನು ಉಟ್ಟು ಬೆಳೆದವಳು.

ಒಂದು ಸಂಜೆ ಪತ್ರಿಕೆ ಓದುತ್ತಿದ್ದವಳು ತಟ್ಟನೆ ನಕ್ಕಳು. "ರೀ, ಟರ್ಕಿಯಲ್ಲಿ ಯೆತೆರ್ ಅಂತ ಹೆಸರಿಡ್ತಾರಂತೆ. ಅರ್ಥ ಏನು ಗೊತ್ತಾ? ಸಾಕು ಅಂತ! ಚೀನಾದಲ್ಲಿ ಝಾವೊದಿ ಅಂತೆ. ತಮ್ಮನ್ನ ಕರ್ಕೊಂಡು ಬಾ ಅಂತ." ನಗುತ್ತಲೇ ಇದ್ದಳು. ಆಮೇಲೆ ಅದೇ ನಗು ಅಳುವಾಯಿತು. ಹೂಂರಾಯರು ನೀರು ತಂದುಕೊಟ್ಟರು. ಆ ಎರಡು ಹೆಸರನ್ನು ಅವಳು ಪುಸ್ತಕದ ಕಟ್ಟಕಡೆಯ ಪುಟದಲ್ಲಿ ಬರೆದು, ಮೇಲೆ 'ಕೊಡಬಾರದವು' ಎಂದು ತಲೆಬರಹ ಹಾಕಿದಳು.

ತನಗೆಂದು ಒಂದನ್ನು ಎತ್ತಿಟ್ಟುಕೊಂಡಿದ್ದಳು. ಎರಡು ಸಲ ಹಾಗೆ ಎತ್ತಿಟ್ಟದ್ದನ್ನು ಕಿಟಕಿಯಲ್ಲಿ ಕಂಡ ಮಗುವಿನ ಮುಖಕ್ಕೆ ಸೋತು ಕೊಟ್ಟುಬಿಟ್ಟಳು. ಮೂರನೆಯದನ್ನು ಗಟ್ಟಿಯಾಗಿ ಹಿಡಿದಿದ್ದಳು. ಯಾವುದೇ ಅದು ಎಂದು ಗಂಡ ಎಷ್ಟು ಕೇಳಿದರೂ ಹೇಳಲಿಲ್ಲ. "ಬಾಯಿಗೆ ಬಂದ್ರೆ ಕೈಯಿಂದ ಹೋಗತ್ತೆ. ಕಾಗದಪತ್ರ ಎಲ್ಲ ಸಾಕು ಅಂತಲೇ ಇದೆ, ಇರಲಿ. ಕಲ್ಲಿನ ಮೇಲೆ ಮಾತ್ರ ನನ್ನದು ಇರಬೇಕು. ಕಾಲ ಬಂದಾಗ ನಿಮ್ಮ ಕಿವಿಯಲ್ಲಿ ಹೇಳ್ತೀನಿ."

* * *

ಹತ್ತೂವರೆಗೆ ವಾರ್ಡಿನ ಹಳೆಯ ನರ್ಸಮ್ಮ ಬಂದಳು. ಪೆಟ್ಟಿಗೆಯ ಮುಂದೆ ನಿಂತು ಮನಸಾರೆ ಅತ್ತು, ಹೂಂರಾಯರ ಎಡಕ್ಕೆ ಕುರ್ಚಿ ಎಳೆದುಕೊಂಡು ಕೂತಳು. ಎಡಗಿವಿಯಲ್ಲಿ ಇನ್ನೂ ಸ್ವಲ್ಪ ಜೀವವಿದೆಯೆಂದು ಆಸ್ಪತ್ರೆಯವಳಿಗೆ ಗೊತ್ತಿತ್ತು.

ಇವಳಿಗಾದರೂ ಹೇಳಿರಬಹುದು ಎಂಬ ಆಸೆ ಹೂಂರಾಯರಿಗೆ. ಬಾಯಿ ಬಿಟ್ಟು ಕೇಳಲು ನಾಚಿಕೆ. ಸುತ್ತುಬಳಸಿ, "ನಿಮ್ಮ ಹತ್ರ ಏನಾದ್ರೂ ಹೇಳಿದ್ಲಾ, ಹೆಸರಿನ ವಿಷಯ?" ಎಂದರು.

"ಅಯ್ಯೋ, ಹೇಳದೆ ಇರ್ತಾರಾ! ಬುಧವಾರ ಬೆಳಿಗ್ಗೆ, ಆ ಕೊಳವೆ ಹಾಕೋ ಮುಂಚೆ, ನನ್ನ ಕೈ ಹಿಡ್ಕೊಂಡು ಹೇಳಿದ್ರು. 'ನಮ್ಮೋರಿಗೆ ಹೇಳಿದೆ ಕಣೇ. ಒಂದೇ ಸಲಕ್ಕೆ ಕೇಳಿಸ್ಕೊಂಡ್ರು. ಚೆನ್ನಾಗಿದೆ ಅಂದ್ರು' ಅಂತ. ಎಷ್ಟು ಖುಷಿ ಅಂತೀರಿ ಮುಖದಲ್ಲಿ! ಅಂಥ ಮುಖ ನಾನು ಬಾಣಂತಿಯರಲ್ಲಿ ಮಾತ್ರ ನೋಡಿದೀನಿ." ಅವಳು ಮುಂದಕ್ಕೆ ಬಾಗಿದಳು. "ಯಾವ ಹೆಸರು ಸಾರ್?"

ಹೂಂರಾಯರು ಪುಸ್ತಕವನ್ನು ಮಡಿಲಿಗೆ ಎಳೆದುಕೊಂಡರು.

"ಕಲ್ಲಿನ ಮೇಲೆ ನೋಡೋರಂತೆ," ಎಂದರು.

* * *

ಮಂಗಳವಾರ ಮಧ್ಯಾಹ್ನ. ಮಂಚದ ಎಡಕ್ಕೆ ಸಲೈನಿನ ಕಂಬವಿತ್ತು, ಅದಕ್ಕೇ ಅವರು ಬಲಕ್ಕೆ ಕೂತಿದ್ದರು. ಹಾಗೆ ಕೂತಾಗ ಸತ್ತ ಕಿವಿಯೇ ಅವಳ ಕಡೆಗಿರುತ್ತದೆಂಬುದು ಹೊಳೆಯಲಿಲ್ಲ. ಕಿವಿಯ ಯಂತ್ರ ಮನೆಯ ಡ್ರಾಯರಿನಲ್ಲಿತ್ತು; ಅದು ಹಾಕಿದರೆ ಸಿಳ್ಳೆ ಹೊಡೆಯುತ್ತದೆ, ಅವರು ಹಾಕುತ್ತಿರಲಿಲ್ಲ. ಅವಳು ಮೂಗು ಬಾಯಿಯ ಮೇಲಿನ ಮುಖವಾಡವನ್ನು ಕೈಯಿಂದ ಸರಿಸಿದಳು. ಅಷ್ಟಕ್ಕೇ ಏದುಸಿರು ಬಂತು. ಹತ್ತಿರ ಬನ್ನಿ ಎಂದು ಕಣ್ಣಲ್ಲೇ ಕರೆದಳು. ಅದೇ ಹೊತ್ತಿಗೆ ಊಟದ ಗಾಡಿ ತಟ್ಟೆಗಳನ್ನು ಕುಲುಕಿಸುತ್ತ ಬಾಗಿಲಲ್ಲಿ ಹಾದುಹೋಯಿತು.

ತುಟಿ ಮುಚ್ಚಿತು. ದುಂಡಗಾಯಿತು. ತೆರೆಯಿತು. ಅಷ್ಟೆ.

"ಕೇಳಿಸ್ತಾ?" ಎಂದಳು. ಇದು ಗೊತ್ತಿರುವ ಮಾತು, ತುಟಿಯಲ್ಲೇ ತಿಳಿಯಿತು.

ಇಲ್ಲ ಎನ್ನಬೇಕಿತ್ತು. ಆದರೆ ಅವಳ ಎದೆಗೂಡು ಏರಿಳಿಯುತ್ತಿದ್ದುದನ್ನು ನೋಡಿದರು. ಇನ್ನೊಂದು ಸಲ ಹೇಳಿಸಿದರೆ ಇನ್ನೆರಡು ಉಸಿರು ಖರ್ಚು. ನಾಳೆ ನಿಧಾನವಾಗಿ ಕೇಳಿದರಾಯಿತು ಎಂದುಕೊಂಡರು.

"ಹೂಂ," ಎಂದರು.

"ಚೆನ್ನಾಗಿದ್ಯಾ?"

"ಹೂಂ."

ಅವಳು ನಕ್ಕು, ಮುಖವಾಡ ಹಾಕಿಕೊಂಡು, ಅವರ ಕೈ ಹಿಡಿದುಕೊಂಡೇ ನಿದ್ದೆ ಹೋದಳು. ಮಾರನೆಯ ದಿನ ಅವರು ಎಡಗಡೆ ಕೂರಬೇಕೆಂದು ನೆನಪಿಟ್ಟುಕೊಂಡು ಹೋದಾಗ ಗಂಟಲಿಗೆ ಕೊಳವೆ ಇಳಿಸಿದ್ದರು. ಎಚ್ಚರವೂ ಇರಲಿಲ್ಲ.

* * *

ಹನ್ನೊಂದು ದಾಟಿತು. ಕಲ್ಲಿನವನಿಂದ ಇನ್ನೊಂದು ಗಂಟೆಯಾದರೂ ಸಮಯ ಕೇಳಿಕೊಂಡು ಬರೋಣವೆಂದು ಹೂಂರಾಯರು ಚಪ್ಪಲಿ ಮೆಟ್ಟಿ ನಡೆದೇ ಹೋದರು. ಎರಡು ಬೀದಿಯಾಚೆ ಸ್ಮಶಾನದ ಗೇಟಿಗೆ ಅಂಟಿಕೊಂಡೇ ಅವನ ಕೊಟ್ಟಿಗೆ. ಕಲ್ಲು ಕೊಯ್ಯುವ ಚಕ್ರ ತಿರುಗುತ್ತಿತ್ತು. ಬಿಳಿ ದೂಳಿನಲ್ಲಿ ಮುಳುಗಿ, ಕಣ್ಣಿಗೆ ಕನ್ನಡಕ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದ.

"ಹೆಸರು ಇನ್ನೂ ಗೊತ್ತಾಗಿಲ್ಲಪ್ಪಾ," ಎಂದು ಹೂಂರಾಯರು ಕೂಗಿದರು. ಬೇರೆಯವರಿಗೆ ಹೇಳಲಾರದ್ದನ್ನು ಆ ಸದ್ದಿನಲ್ಲಿ ಹೇಳುವುದು ಸುಲಭವಾಗಿತ್ತು. "ಒಂದು ಗಂಟೆ ತಡಿ. ನಾನೇ ತರ್ತೀನಿ."

ಅವನು ಚಕ್ರ ನಿಲ್ಲಿಸಲಿಲ್ಲ. ಬೆಳಿಗ್ಗೆ ಆಸ್ಪತ್ರೆಯವರು ಕೊಟ್ಟ ಮರಣದ ಚೀಟಿ ಮೊಳೆಗೆ ಸಿಕ್ಕಿಸಿತ್ತು. ಅದರತ್ತ ಬೆರಳು ತೋರಿಸಿ ಏನೋ ಕೇಳಿದ. ಬಟ್ಟೆಯ ಹಿಂದೆ ತುಟಿ ಕಾಣಲಿಲ್ಲ. ಸರಿ ತಾನೇ ಎಂಬಂತೆ ತಲೆ ಎತ್ತಿದ.

ಹೂಂರಾಯರು ತಲೆಯಾಡಿಸಿದರು. ಒಳ್ಳೆಯ ಮನುಷ್ಯ, ಒಂದು ಮಾತಿಗೆ ಒಪ್ಪಿಕೊಂಡ ಎಂದುಕೊಂಡು ಹಿಂತಿರುಗಿದರು.

ಮನೆಯ ಜಗಲಿಯಲ್ಲಿ ಒಬ್ಬ ಹುಡುಗಿ ಕಾದಿದ್ದಳು. ಬಸ್ ಕಂಡಕ್ಟರು, ಎರಡು ಟ್ರಿಪ್ಪಿನ ನಡುವೆ ಸಮವಸ್ತ್ರದಲ್ಲೇ ಓಡಿಬಂದಿದ್ದಳು. ಟಿಕೆಟ್ ಚೀಲ ಇನ್ನೂ ಹೆಗಲಲ್ಲಿತ್ತು.

"ನನ್ನ ಹೆಸರು ಆಂಟಿಯೇ ಇಟ್ಟಿದ್ದು ಅಂಕಲ್. ಎಲ್ಲರೂ ಎರಡು ಸಲ ಕೇಳ್ತಾರೆ, ಇದೆಂಥ ಹೆಸರು ಅಂತಾರೆ. ಪಾರಿವಾಳ ಅಂತ ಅರ್ಥ ಅಂದ್ರೆ, ಹಾರಿ ಹೋಗ್ಬೇಡಮ್ಮ, ಚಿಲ್ಲರೆ ಕೊಟ್ಟು ಹೋಗು ಅಂತಾರೆ." ನಗಲು ನೋಡಿದಳು, ಆಗಲಿಲ್ಲ. "ನಮ್ಮಪ್ಪ ಖಾಲಿ ಬಿಡಿ ಅಂದಿದ್ರಂತೆ. ಆಂಟಿ ಅವರನ್ನ ಒಂದು ಗಂಟೆ ಕೂರಿಸಿದ್ರಂತೆ."

ಹೂಂರಾಯರು ಅವಳ ಮುಖವನ್ನು, ತುಟಿಯನ್ನು ನೋಡುತ್ತಿದ್ದರು. ಒಂದು ಉಪಾಯ ಹೊಳೆಯಿತು. ಒಳಗಿನಿಂದ ನೀಲಿ ಪುಸ್ತಕ ತಂದು ಅವಳ ಕೈಗಿಟ್ಟರು.

"ಒಂದು ಕೆಲಸ ಮಾಡ್ತೀಯಾ ಮಗಾ? ಇದರಲ್ಲಿ ಕೆಂಪು ಗೀಟಿಲ್ಲದ ಹೆಸರಿದಾವಲ್ಲ, ಅವನ್ನ ದನಿ ಮಾಡ್ದೆ ಹೇಳು. ಬರೀ ತುಟಿ ಆಡಿಸು. ನಾನು ನೋಡ್ತೀನಿ."

ಹುಡುಗಿ ಪುಸ್ತಕ ನೋಡಿದಳು, ಅವರನ್ನು ನೋಡಿದಳು. ಕಲ್ಲಿಗೆ ಅವಳು ಬೇರೆ ಹೆಸರು ಹೇಳಿದಾಳಂತೆ ಎಂದು ದೊಡ್ಡಕ್ಕ ಗೊಣಗಿದ್ದನ್ನು ಆಗಲೇ ಕೇಳಿದ್ದಳು. ಬಸ್ಸಿನಲ್ಲಿ ಎಂಥೆಂಥವರನ್ನೋ ಕಂಡವಳು, ಅರ್ಥವಾಗಲು ತಡವಾಗಲಿಲ್ಲ.

"ಅಂಕಲ್... ಆಂಟಿ ಹೇಳಿದ್ದು ನಿಮಗೆ ಕೇಳಿಸಿಲ್ವಾ?"

"ಇಲ್ಲ," ಎಂದರು ಹೂಂರಾಯರು. ಆ ಮಾತು ಹೊರಬಿದ್ದ ಮೇಲೆ ಕಣ್ಣು ತುಂಬಿ ಬಂತು. "ಕೇಳಿಸಿಲ್ಲಮ್ಮ. ಹೂಂ ಅಂದುಬಿಟ್ಟೆ."

ಅವಳು ಮತ್ತೇನೂ ಕೇಳದೆ ಎದುರಿಗೆ ಕೂತಳು. ಒಂದೊಂದೇ ಹೆಸರನ್ನು ತುಟಿಯಲ್ಲಿ ಆಡಿ ನಿಲ್ಲಿಸುತ್ತ ಹೋದಳು. ಅಲ್ಲ. ಅಲ್ಲ. ಇದು ಕೊನೆಗೆ ಮುಚ್ಚುತ್ತದೆ, ಅಲ್ಲ. ಇದು ಉದ್ದ, ಅಲ್ಲ. ಅವಳ ಬಸ್ಸು ಹೊರಡುವ ಹೊತ್ತು ಮೀರಿತು. ಫೋನು ಎರಡು ಸಲ ಮಿಡಿದು ಸುಮ್ಮನಾಯಿತು. ಒಳಗೆ ದೊಡ್ಡಕ್ಕ ಬಂದವರಿಗೆ ಕಾಫಿ ಕೊಡುತ್ತ ತಂಗಿಯ ಗಂಡನಿಗೆ ತಲೆ ಕೆಟ್ಟಿದೆ ಎಂದು ಹೇಳುತ್ತಿದ್ದಳು. ನಡುವೆ ಒಮ್ಮೆ ಹುಡುಗಿ ಒಂದು ಹೆಸರಾಡಿ ನಿಲ್ಲಿಸಿದಾಗ ಹೂಂರಾಯರು ಕುರ್ಚಿಯಿಂದ ಅರ್ಧ ಎದ್ದರು.

"ಅದೇ! ಅದನ್ನ ಇನ್ನೊಂದ್ಸಲ."

ಮುಚ್ಚಿತು, ದುಂಡಗಾಯಿತು, ತೆರೆಯಿತು.

"ಬೋರಾ," ಎಂದಳು ಹುಡುಗಿ. "ಅಲ್ಬೇನಿಯನ್. ಹಿಮ ಅಂತ ಬರೆದಿದಾರೆ." ಹೂಂರಾಯರ ಮುಖ ಅರಳಿದ್ದನ್ನು ನೋಡಿ ಅವಳ ಮುಖವೂ ಅರಳಿತು. ಇನ್ನುಳಿದದ್ದನ್ನೂ ಮುಗಿಸೋಣವೆಂದು ಪುಟ ತಿರುವುತ್ತ ಹೋಗಿ, ಇನ್ನೊಂದು ಹೆಸರಿನಲ್ಲಿ ನಿಂತಳು. ಅದನ್ನೂ ತುಟಿಯಲ್ಲಿ ಆಡಿದಳು.

ಮುಚ್ಚಿತು, ದುಂಡಗಾಯಿತು, ತೆರೆಯಿತು.

"ಮೋರಾ. ಸ್ಪ್ಯಾನಿಷ್. ಪೊದೆಯಲ್ಲಿ ಬಿಡೋ ಒಂದು ಕಪ್ಪು ಹಣ್ಣಂತೆ."

ಬ ಮತ್ತು ಮ ತುಟಿಗೆ ಒಂದೇ. ವ್ಯತ್ಯಾಸ ಇರುವುದು ಮೂಗಿನಲ್ಲಿ, ಅದು ಕಣ್ಣಿಗೆ ಕಾಣುವುದಿಲ್ಲ. ಮೂವತ್ತನಾಲ್ಕು ವರ್ಷದ ವಿದ್ಯೆ ಅಲ್ಲಿಗೆ ಮುಗಿಯಿತು.

"ಆಂಟಿಗೆ ಯಾವುದು ಇಷ್ಟ ಇರಬಹುದು ಅಂಕಲ್? ಹಿಮವೋ ಹಣ್ಣೋ?"

ಹೂಂರಾಯರು ಯೋಚಿಸಿದರು. ನಲವತ್ತೊಂದು ವರ್ಷ ಒಂದೇ ಮನೆಯಲ್ಲಿದ್ದವರು. ಹಿಮವನ್ನು ಅವಳು ಕಂಡವಳಲ್ಲ. ಹಣ್ಣು ಕತ್ತರಿಸಿದರೆ ಒಳ್ಳೆಯ ಹೋಳುಗಳನ್ನೆಲ್ಲ ಇವರ ತಟ್ಟೆಗೇ ಹಾಕುತ್ತಿದ್ದಳು. ಅವಳಿಗೆ ಯಾವ ಹಣ್ಣು ಇಷ್ಟವೆಂದು ಇವರು ಕೇಳಿರಲಿಲ್ಲ. ಅವಳು ಮಾತಾಡುತ್ತಲೇ ಇದ್ದಳು, ವರ್ಷಗಟ್ಟಲೆ, ಅಡುಗೆಮನೆಯಿಂದ, ಹಿತ್ತಿಲಿನಿಂದ, ಬೆನ್ನ ಹಿಂದಿನಿಂದ. ಇವರು ಹೂಂ ಎನ್ನುತ್ತಲೇ ಇದ್ದರು. ಅದರಲ್ಲಿ ಎಲ್ಲೋ ಹಿಮದ ಮಾತೂ ಬಂದಿರಬಹುದು, ಹಣ್ಣಿನ ಮಾತೂ ಬಂದಿರಬಹುದು.

"ಹಣ್ಣು," ಎಂದರು ಕೊನೆಗೆ. "ಮೋರಾ ಅಂತಲೇ ಬರೆಸೋಣ." ಗಟ್ಟಿಯಾಗಿ ಹೇಳಿದರೆ ನಿಜವಾಗಬಹುದೆಂಬಂತೆ ಗಟ್ಟಿಯಾಗಿ ಹೇಳಿದರು. ಹುಡುಗಿ ಟಿಕೆಟ್ಟಿನ ಹಿಂಬದಿಯಲ್ಲಿ ದಪ್ಪಕ್ಷರದಲ್ಲಿ ಬರೆದುಕೊಟ್ಟಳು. ಅದನ್ನು ಹಿಡಿದು ಅವರು ಅರ್ಧ ಓಡುತ್ತ ಅರ್ಧ ನಡೆಯುತ್ತ ಮತ್ತೆ ಕೊಟ್ಟಿಗೆಗೆ ಹೋದರು. ಚಕ್ರ ನಿಂತಿತ್ತು. ಬಾಗಿಲಿಗೆ ಬೀಗ ಬಿದ್ದಿತ್ತು.

ಮೂರಕ್ಕೆ ಪೆಟ್ಟಿಗೆ ಗುಂಡಿಯ ಬಳಿಗೆ ಬಂದಾಗ ಕಲ್ಲು ಆಗಲೇ ತಲೆಯ ಕಡೆ ನಿಂತಿತ್ತು. ತೊಳೆದು ಒರೆಸಿದ, ನುಣುಪಾದ ಕಲ್ಲು. ಕೆತ್ತುವವನು ಕೈ ಕಟ್ಟಿಕೊಂಡು ಪಕ್ಕದಲ್ಲಿ ನಿಂತಿದ್ದ, ಹೊಗಳಿಕೆಗೆ ಕಾದವನಂತೆ. ಕೆಲಸದಲ್ಲಿ ಕಸುಬುದಾರನೇ. ಎರಡಕ್ಷರವನ್ನು ಎಷ್ಟು ಅಂದವಾಗಿ, ಎಷ್ಟು ಆಳವಾಗಿ ಕೆತ್ತಿದ್ದನೆಂದರೆ ನೂರು ವರ್ಷ ಮಾಸುವಂತಿರಲಿಲ್ಲ.

ಸಾಕು.

"ಏನಪ್ಪಾ ಇದು?" ಎಂದರು ಹೂಂರಾಯರು. ಕೈಯಲ್ಲಿದ್ದ ಟಿಕೆಟ್ಟನ್ನು ಮುಂದೆ ಹಿಡಿದರು. "ಹೆಸರು ತರ್ತೀನಿ ಅಂದಿದ್ದೆನಲ್ಲ."

ಅವನಿಗೆ ಗಾಬರಿಯಾಯಿತು. "ನಾನು ಕೇಳಿದೆನಲ್ಲ ಸಾರ್. ಈ ಚೀಟಿಯಲ್ಲಿರೋ ಹೆಸರೇ ಕೆತ್ತಲಾ ಅಂತ. ನೀವೇ ಹೂಂ ಅಂತ ತಲೆಯಾಡಿಸಿದ್ರಿ."

ಎದುರಿಗೆ ನಿಂತು, ಬಾಯಿಗೆ ಬಟ್ಟೆಯಿಲ್ಲದೆ ಹೇಳಿದ. ಒಂದಕ್ಷರವೂ ತಪ್ಪದೆ ತಿಳಿಯಿತು. ಸುಳ್ಳು ಎನ್ನುವಂತಿರಲಿಲ್ಲ.

ಕಂಡಕ್ಟರ್ ಹುಡುಗಿ ಬೇರೆ ಕಲ್ಲು ಹಾಕಿಸೋಣ ಎಂದಳು. ಕಚೇರಿಯವನು ಪುಸ್ತಕ ತೆರೆದು, ಚೀಟಿಯಲ್ಲೂ ಸಾಕು, ಕಲ್ಲಲ್ಲೂ ಸಾಕು, ದಾಖಲೆಯಲ್ಲೂ ಸಾಕು, ಇನ್ನು ಅದನ್ನು ತಿದ್ದಬೇಕಾದರೆ ಸತ್ತವರ ಸಹಿ ಬೇಕಾಗುತ್ತದೆ ಎಂದ. ಅವನು ತಮಾಷೆಗೆ ಹೇಳಿದ್ದಲ್ಲ, ಅವನ ನಮೂನೆಯಲ್ಲಿ ಹಾಗೆಯೇ ಅಚ್ಚಾಗಿತ್ತು.

ದೊಡ್ಡಕ್ಕ ಕಲ್ಲನ್ನು ತಡವಿದಳು. "ಸಾಕು ಅಂದ್ರೆ ಬರೀ ಬೇಡ ಅಂತಲೇ ಯಾಕೆ ತಿಳ್ಕೋಬೇಕಪ್ಪಾ? ಸಾಕೋದು, ಸಲಹೋದು ಅಂತಾನೂ ಆಗತ್ತಲ್ಲ. ಎಷ್ಟು ಮಕ್ಕಳ ಹೆಸರು ಸಾಕಿದಳು ಅವಳು. ಒಪ್ಪೋ ಹೆಸರೇ."

ಒಳ್ಳೆಯ ಮಾತು. ಸುತ್ತಲಿದ್ದವರೆಲ್ಲ ಹೌದೌದು ಎಂದರು. ನರ್ಸಮ್ಮ ಕೂಡ ಕಣ್ಣೊರೆಸಿಕೊಂಡು ತಲೆದೂಗಿದಳು. ಆದರೆ ಅಪ್ಪ ಆ ದಿನ ಹೇಳಿದ್ದು ಸಲಹುವ ಮಾತಲ್ಲ ಎಂದು ಹೂಂರಾಯರಿಗೆ ಗೊತ್ತಿತ್ತು, ದೊಡ್ಡಕ್ಕನಿಗೂ ಗೊತ್ತಿತ್ತು. ಕಲ್ಲಿನ ಕೆಳಗೆ ಮಲಗುವವಳಿಗಂತೂ ಚೆನ್ನಾಗಿ ಗೊತ್ತಿತ್ತು.

ಮುಚ್ಚಳ ಹಾಕಲು ಇಬ್ಬರು ಆಳುಗಳು ಮುಂದೆ ಬಂದರು. ಹೂಂರಾಯರು ಕೈ ಅಡ್ಡ ಹಿಡಿದರು. ಮಂಡಿ ಊರಿ, ಪೆಟ್ಟಿಗೆಯ ಅಂಚು ಹಿಡಿದುಕೊಂಡು, ಬಲಗಡೆಯಿಂದ ಎಡಗಡೆಗೆ ಸರಿದರು. ಬಗ್ಗಿ, ಎಡಗಿವಿಯನ್ನು ಅವಳ ತುಟಿಗೆ ತಾಗುವಷ್ಟು ಹತ್ತಿರ ಒಯ್ದರು.

"ಕೇಳಿಸಲಿಲ್ಲ ಕಣೇ," ಎಂದರು, ಎಲ್ಲರಿಗೂ ಕೇಳುವಂತೆ. "ಇನ್ನೊಂದ್ಸಲ ಹೇಳು."

ಮುಚ್ಚಳ ಹಿಡಿದವರು ಭಾರಕ್ಕೆ ಕಾಲು ಬದಲಾಯಿಸಿದರು. ಬಹಳ ಹೊತ್ತಾಯಿತು. ಕೊನೆಗೆ ದೊಡ್ಡಕ್ಕ ಹತ್ತಿರ ಬಂದು ಅವರ ಬೆನ್ನ ಮೇಲೆ ಕೈಯಿಟ್ಟು, ಅವರಿಗೆ ಕಾಣಲೆಂದು ತನ್ನ ಮುಖವನ್ನು ಅವರ ಮುಖದ ಮುಂದೆ ತಂದು ಹೇಳಿದಳು.

"ಸಾಕು, ಏಳಪ್ಪ. ಸಾಕು."

ಹೂಂರಾಯರು ಆ ತುಟಿಗಳನ್ನು ನೋಡಿದರು. ಹೂಂ ಅನ್ನಲಿಲ್ಲ. ಕಣ್ಣು ಮುಚ್ಚಿಕೊಂಡು ಕಿವಿಯನ್ನು ಇನ್ನಷ್ಟು ಹತ್ತಿರಕ್ಕೆ ಒತ್ತಿದರು.